ಬೆಳ್ಳಿ ಕರಡಿಗೆ

ಮೆಟ್ರೋ ನಿಲ್ದಾಣದ ಎಸ್ಕಲೇಟರ್ ಅರ್ಧ ದಾರಿ ಇಳಿದಿತ್ತು. ಸ್ವೆಟರ್ ಸರಿಮಾಡಿಕೊಳ್ಳಲು ಎದೆಯ ಮೇಲೆ ಕೈ ಆಡಿಸಿದ ವಿರೂಪಾಕ್ಷ ಹಾಗೇ ನಿಂತುಬಿಟ್ಟ. ಕೈಗೆ ಸಿಗಬೇಕಾದ್ದು ಸಿಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಕುತ್ತಿಗೆ ತಡಕಿದ, ಬನಿಯನ್ನಿನೊಳಗೆ ಕೈಹಾಕಿ ಹೊಟ್ಟೆಯವರೆಗೂ ನೋಡಿದ. ಶಿವದಾರವೂ ಇಲ್ಲ, ಅದಕ್ಕೆ ಕಟ್ಟಿದ್ದ ಬೆಳ್ಳಿ ಕರಡಿಗೆಯೂ ಇಲ್ಲ, ಕರಡಿಗೆಯೊಳಗಿನ ಲಿಂಗವೂ ಇಲ್ಲ.

"ಏನ್ಲಾ, ಜಿರಳೆ ಒಳಿಕ್ ಹೋಯ್ತಾ?" ಅಂದ ಎರಡು ಮೆಟ್ಟಿಲು ಕೆಳಗೆ ನಿಂತಿದ್ದ ಚಲುವರಾಜು.

ವಿರೂಪಾಕ್ಷ ಹಿಂದಕ್ಕೆ ತಿರುಗಿ, ಕೆಳಗಿಳಿಯುತ್ತಿದ್ದ ಆ ಮೆಟ್ಟಿಲುಗಳ ಮೇಲೆಯೇ ಮೇಲಕ್ಕೆ ಓಡತೊಡಗಿದ. ಅವನು ನಾಲ್ಕು ಹತ್ತಿದರೆ ಮೆಟ್ಟಿಲು ಮೂರು ಇಳಿಸುತ್ತಿತ್ತು. ಉದ್ದ ಕೋಟಿನ ಜನ ದಾರಿ ಬಿಡಲೂ ಇಲ್ಲ, ಬಯ್ಯಲೂ ಇಲ್ಲ, ಸುಮ್ಮನೆ ನೋಡಿದರು. ಕೆಳಗೆ ಗಾಜಿನ ಗೂಡಿನಲ್ಲಿ ಕೂತಿದ್ದ ಸಮವಸ್ತ್ರದ ಹೆಂಗಸು ಮೈಕಿನಲ್ಲಿ ಏನೋ ಕೂಗಿದಳು. ಮಾತು ತಿಳಿಯದಿದ್ದರೂ ಬೈಗುಳ ತನಗೇ ಎಂಬುದು ತಿಳಿಯಿತು. ಉಸಿರು ಹತ್ತದೆ ನಿಂತ. ನಿಂತವನನ್ನು ಮೆಟ್ಟಿಲು ಕೆಳಕ್ಕೆ ತಂದು ಚಲುವರಾಜುವಿನ ಮುಂದೆಯೇ ಬಿಟ್ಟಿತು.

"ಲಿಂಗ ಕಣ್ಲಾ," ಅಂದ ವಿರೂಪಾಕ್ಷ. "ಆಸ್ಪತ್ರೇಲೇ ಬುಟ್ಟು ಬಂದುಬುಟ್ಟೆ."

"ಹೋಗಿ ಈಸ್ಕೊಂಡ್ರಾಯ್ತು ಬುಡು. ಅದುಕ್ಕೇನು ಕಾಲು ಬಂದು ಓಡೋಯ್ತದಾ? ಮೊದ್ಲು ಗುಂಡಿ ಆಕ್ಕೊ, ಎಲ್ಲಾ ನೋಡ್ತಾವ್ರೆ."

ಇಬ್ಬರೂ ಮಾಸ್ಕೋಗೆ ಬಂದು ಅದು ನಾಲ್ಕನೆಯ ವಾರ, ೨೦೦೧ರ ಅಕ್ಟೋಬರ್. ವಿರೂಪಾಕ್ಷ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನವನು, ಚಲುವರಾಜು ಕೆ.ಆರ್. ನಗರದವನು. ಊರಿನಲ್ಲಿದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುವ ಸಂದರ್ಭವೇ ಇರಲಿಲ್ಲ. ಇಬ್ಬರಿಗೂ ಸಿಇಟಿಯಲ್ಲಿ ಮೆಡಿಕಲ್ ಸೀಟು ತಪ್ಪಿತೆಂಬ ಒಂದೇ ಪುಣ್ಯಕ್ಕೆ ಮೈಸೂರಿನ ಏಜೆಂಟೊಬ್ಬ ಇಬ್ಬರನ್ನೂ ಒಂದೇ ವಿಮಾನ ಹತ್ತಿಸಿದ್ದ. ಮೊದಲ ವರ್ಷ ಬರೀ ರಷ್ಯನ್ ಭಾಷೆ ಕಲಿಯಬೇಕು, ಡಾಕ್ಟರಿಕೆ ಆಮೇಲೆ. ಸದ್ಯಕ್ಕೆ ಇಬ್ಬರ ಬಾಯಲ್ಲೂ ಐವತ್ತು ಪದ ಇದ್ದವು. ಅದರಲ್ಲಿ ಇಪ್ಪತ್ತು ತರಕಾರಿಯ ಹೆಸರು. ಹೊರದೇಶದ ವಿದ್ಯಾರ್ಥಿಗಳೆಲ್ಲ ಮೈ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಆ ಶುಕ್ರವಾರ ತರಗತಿಯನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

ಎಕ್ಸ್‌ರೇ ಕೋಣೆಯಲ್ಲಿ ಸೊಂಟದಿಂದ ಮೇಲಕ್ಕೆ ಒಂದು ದಾರವೂ ಇರಕೂಡದೆಂದು ಸನ್ನೆಯಾಯಿತು. ಹುಡುಗರೆಲ್ಲ ಗಡಿಯಾರ, ಸರ, ಪರ್ಸು, ಬೆಲ್ಟುಗಳನ್ನು ಬೆಂಚಿನ ಮೇಲಿದ್ದ ಒಂದು ತಗಡಿನ ತಟ್ಟೆಗೆ ಹಾಕಿದರು. ಬೆಂಚಿನ ಕೆಳಗೇ ಶೂಗಳ ರಾಶಿ. ವಿರೂಪಾಕ್ಷ ಕರಡಿಗೆಯನ್ನು ಕೊರಳಿನಿಂದ ತೆಗೆದು ತಟ್ಟೆಯ ಹತ್ತಿರ ಹೋದವನು ಚರ್ಮದ ಬೆಲ್ಟುಗಳನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡ. ಅವನೇನೂ ಅಂಥಾ ನಿಷ್ಠಾವಂತನಲ್ಲ. ಮೈಸೂರಿನಲ್ಲಿ ಪಿಯುಸಿ ಓದುವಾಗ ಲಿಂಗವನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿ ಸಿನಿಮಾಕ್ಕೆ ಹೋಗುತ್ತಿದ್ದ ಆಸಾಮಿ. ಆದರೂ ಚರ್ಮದ ಜೊತೆ, ಶೂಗಳ ಮೇಲೆ ಇಡಲು ಕೈ ಬರಲಿಲ್ಲ. ಸುತ್ತ ನೋಡಿದ. ಕಿಟಕಿಯಲ್ಲಿ ಕೆಂಪು ಕಾಗದ ಸುತ್ತಿದ ಕುಂಡವೊಂದಿತ್ತು. ಅದರಲ್ಲಿ ಆಲದೆಲೆಯಂಥ ದಪ್ಪ ಎಲೆಯ ಗಿಡ. ಎಂಜಲಿಲ್ಲದ, ಯಾರೂ ತುಳಿಯದ ಜಾಗ ಅದೊಂದೇ. ಗಿಡದ ಮೇಲಿನ ಕೊಂಬೆಗೆ ಶಿವದಾರ ಸಿಕ್ಕಿಸಿ, ಎಲೆ ಮರೆ ಮಾಡಿ ಒಳಗೆ ಹೋದ.

ಹೊರಗೆ ಬಂದಾಗ ಹುಡುಗರೆಲ್ಲ ತಟ್ಟೆಗೆ ಮುಗಿಬಿದ್ದಿದ್ದರು. ಇವನೂ ಅಂಗಿ ತೊಟ್ಟುಕೊಂಡು ಗಡಿಯಾರ ಎತ್ತಿಕೊಂಡು ಅವರೊಂದಿಗೆ ಓಡಿದ್ದ. ತಟ್ಟೆಯಲ್ಲೇ ಇಟ್ಟಿದ್ದರೆ ಗಡಿಯಾರದ ಜೊತೆ ಅದೂ ಕೈಗೆ ಬರುತ್ತಿತ್ತು. ಶುದ್ಧವಾದ ಜಾಗ ಹುಡುಕಿದ್ದಕ್ಕೆ ಹೀಗಾಯಿತು.

ಮತ್ತೆ ಮೇಲೆ ಹತ್ತಿ, ರಸ್ತೆ ದಾಟಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿತ್ತು. ಕಾವಲಿನವನು ಗಾಜಿನಾಚೆಯಿಂದಲೇ ತಲೆಯಾಡಿಸಿ, "ಪನಿದೇಲ್ನಿಕ್" ಅಂದ. ಸೋಮವಾರ ಎಂಬ ಆ ಪದವನ್ನು ಆ ವಾರವೇ ತರಗತಿಯಲ್ಲಿ ಕಲಿತಿದ್ದರು. ವಿರೂಪಾಕ್ಷ ಎರಡು ಕೈಯನ್ನೂ ಗಾಜಿಗೆ ಒತ್ತಿ ಕಿಟಕಿಗಳ ಕಡೆ ನೋಡಿದ. ಯಾವ ಕಿಟಕಿ ಯಾವುದೋ, ಎಲ್ಲದರಲ್ಲೂ ಕುಂಡಗಳೇ ಕಂಡವು.

ಈ ಕರಡಿಗೆಯ ಹಿಂದೆ ಅವನ ಅಜ್ಜಿ ವೀರಮ್ಮ ಇದ್ದಳು. ಮೊಮ್ಮಗ ಹೊರದೇಶಕ್ಕೆ ಹೊರಟದ್ದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಹದಿನೈದು ದಿನ ಮಗ ಪುಟ್ಟಮಲ್ಲಪ್ಪನೊಂದಿಗೆ ಮಾತು ಬಿಟ್ಟಳು. ಕೊನೆಗೆ ಒಂದು ಬೆಳಿಗ್ಗೆ ತಾನೇ ಪಿರಿಯಾಪಟ್ಟಣದ ಬಸ್ಸು ಹತ್ತಿ ಹೋಗಿ, ತನ್ನ ಮದುವೆಯ ಸೊಂಟದ ಡಾಬು ಮುರಿಸಿ ಕರಡಿಗೆ ಮಾಡಿಸಿ ತಂದಳು. ಅಲ್ಲಿಯವರೆಗೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಊರಿನಲ್ಲಿದ್ದಾಗ ದೇವರ ಮನೆಯ ಗೂಟಕ್ಕೆ ತೂಗುಹಾಕುತ್ತಿದ್ದ ಅವನ ಲಿಂಗ ಅದರೊಳಗೆ ಹೋಯಿತು. "ಓದು, ಬುಡು. ಡಾಕುಟ್ರಾಗು, ಆಗ್ದೆ ಇರು. ಇದು ಮಾತ್ರ ಮೈಮ್ಯಾಲಿಂದ ಇಳೀಕೂಡ್ದು. ಇದ್ಕೆ ನೀರಾಕ್ದೆ ನಿನ್ ಬಾಯ್ಗೆ ನೀರಾಕ್ಕೂಡ್ದು," ಅಂದಿದ್ದಳು. ಅವನು ಹೂಂ ಅಂದಿದ್ದ. ವಿಮಾನ ಹತ್ತುವ ಅವಸರದಲ್ಲಿ ಹುಡುಗರು ಎಲ್ಲದಕ್ಕೂ ಹೂಂ ಅನ್ನುತ್ತಾರೆ.

ಆ ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ವಿಯೆಟ್ನಾಮಿನ ಹುಡುಗರು ಮೀನು ಹುರಿಯುತ್ತಿದ್ದರು. ಚಲುವರಾಜು ಅವರ ಪಕ್ಕದ ಒಲೆ ಹಿಡಿದು ಅನ್ನ, ಆಲೂಗಡ್ಡೆ ಗೊಜ್ಜು ಮಾಡಿ ತಂದ. ವಿರೂಪಾಕ್ಷ ಮಂಚದ ಮೇಲೆ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

"ಉಣ್ಲಾ."

"ಬ್ಯಾಡ."

"ಸೋಮ್ವಾರದ್ ಗಂಟ ಇಂಗೇ ಇರ್ತೀಯಾ?"

"ಲಿಂಗ ಕಳ್ಕೊಂಡೋನು ಉಣ್ಕೂಡ್ದು ಕಣ್ಲಾ. ಹಳೇ ಕಾಲ್ದಲ್ಲಾಗಿದ್ರೆ ಪ್ರಾಣಾನೇ ಬುಡ್ತಿದ್ರಂತೆ."

"ಟ್ರಂಕ್ನಾಗೆ ಬೀಗ ಆಕ್ತಿದ್ದೆ ಅಂತ ನೀನೇ ಯೋಳಿದ್ದಲ್ಲೋ!" ಎಂದು ಚಲುವರಾಜು ನಕ್ಕ. ಆಮೇಲೆ ಗೆಳೆಯನ ಮುಖ ನೋಡಿ ನಗು ನುಂಗಿಕೊಂಡು, ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟ.

ಟ್ರಂಕಿನ ಮಾತು ನಿಜವೇ. ಟ್ರಂಕಿನಲ್ಲಿದ್ದಾಗ ಅದು ಇತ್ತು. ಇದ್ದದ್ದರ ಬಗ್ಗೆ ಯೋಚಿಸುವ ಅಗತ್ಯ ಬಿದ್ದಿರಲಿಲ್ಲ. ಈಗ ಎದೆಯ ಮಧ್ಯೆ, ಅದು ತಗುಲುತ್ತಿದ್ದ ಜಾಗದಲ್ಲಿ, ಯಾರೋ ಬೆರಳಿಟ್ಟು ಒತ್ತುತ್ತಿರುವ ಹಾಗೆ ಆಗುತ್ತಿತ್ತು. ಈ ಊರಿಗೆ ಬಂದ ಮೇಲೆ ತನ್ನ ಹೆಸರನ್ನು ಯಾರೂ ನೆಟ್ಟಗೆ ಕರೆದಿರಲಿಲ್ಲ, ತಾನು ಯಾರ ಮಗ ಎಂದು ಯಾರೂ ಕೇಳಿರಲಿಲ್ಲ. ಊರಿನದು ಅಂತ ಮೈಮೇಲೆ ಉಳಿದಿದ್ದುದು ಅದೊಂದೇ. ಅದನ್ನೂ ಕಳೆದುಕೊಂಡೆನಲ್ಲ ಎಂದು ಅವನಿಗೆ ಅಳು ಬಂತು. ಚಲುವರಾಜು ಪಾತ್ರೆ ತೊಳೆಯಲು ಹೋದಾಗ ಅತ್ತ.

ಶನಿವಾರ ಇಡೀ ದಿನ ನಡೆದ. ಹಾಸ್ಟೆಲಿನಿಂದ ಆಸ್ಪತ್ರೆಗೆ, ಆಸ್ಪತ್ರೆಯ ಸುತ್ತ ಎರಡು ಸುತ್ತು, ಅಲ್ಲಿಂದ ಸುಮ್ಮನೆ ಟ್ರಾಮು ಹೋದ ದಿಕ್ಕಿಗೆ. ಬರ್ಚ್ ಮರಗಳ ಎಲೆಗಳೆಲ್ಲ ಹಳದಿಯಾಗಿ ಉದುರುತ್ತಿದ್ದವು. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು. ತನಗೊಬ್ಬನಿಗೇ ಹೋಗುವ ಜಾಗವಿಲ್ಲ ಅನ್ನಿಸಿತು. ಬಾಯಿ ಒಣಗಿ, ಹಣೆಯ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಹಸಿವಾದಾಗ ವಾಪಸು ಹೊರಟ, ಹಸಿವು ಹೋದಾಗ ಮತ್ತೆ ತಿರುಗಿದ.

ಭಾನುವಾರ ಬೆಳಿಗ್ಗೆ ಅವನ ವ್ರತ ಮುರಿಯಿತು. ಮುರಿದದ್ದು ದೊಡ್ಡ ಪ್ರಲೋಭನೆಯಿಂದೇನಲ್ಲ. ಚಲುವರಾಜು ಕಪ್ಪು ಬ್ರೆಡ್ಡಿನ ತುದಿಯನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದ. ಹುಳಿ ವಾಸನೆಯ, ಕಲ್ಲಿನಂಥ ಬ್ರೆಡ್ಡು. ಬಂದ ಮೊದಲ ವಾರ ಅದನ್ನು ನೋಡಿ ಮೂಗು ಮುಚ್ಚಿಕೊಂಡವನು, ಈಗ ನಿಂತುಕೊಂಡೇ ತಿಂದ. ಇನ್ನೊಂದು ಹೋಳು ಕತ್ತರಿಸಿ ಅದನ್ನೂ ತಿಂದ. ನೀರು ಕುಡಿದ. ಆಕಾಶವೇನೂ ಬೀಳಲಿಲ್ಲ. ಬೀಳದೆ ಇದ್ದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಧ್ಯಾಹ್ನ ಮನೆಗೆ ಫೋನು ಮಾಡುವ ಹೊತ್ತು. ಅಂಚೆ ಕಚೇರಿಯಲ್ಲಿ ಸಾಲಾಗಿ ಗಾಜಿನ ಬಾಗಿಲಿನ ಫೋನ್ ಗೂಡುಗಳಿದ್ದವು. ಕೌಂಟರಿನಲ್ಲಿ ನಂಬರು ಬರೆದುಕೊಟ್ಟು ಕಾಯಬೇಕು. ರಾವಂದೂರಿನಲ್ಲಿ ಅಷ್ಟೊತ್ತಿಗೆ ಸಂಜೆ. ಅಪ್ಪ ಒಂದು ನಿಮಿಷ ಹೊಗೆಸೊಪ್ಪಿನ ಹರಾಜಿನ ಸುದ್ದಿ ಹೇಳಿ, ಯಾವತ್ತಿನಂತೆ ಅಜ್ಜಿಗೆ ಕೊಟ್ಟ.

"ಉಂಡ್ಯಾ ಮಗ?"

"ಉಂಡೆ ಅಜ್ಜಿ."

"ಸಿವಪೂಜೆ ಆಯ್ತಾ?"

ಹಿಂದಿನ ಮೂರು ಭಾನುವಾರವೂ ಈ ಪ್ರಶ್ನೆಗೆ ಅವನು ಆಯ್ತು ಅಂದಿದ್ದ. ಒಂದು ಸಲವಂತೂ ಅದು ಸುಳ್ಳೇ ಆಗಿತ್ತು. ಇವತ್ತು ನಾಲಗೆ ಹೊರಳಲಿಲ್ಲ. ಗೂಡಿನ ಗಾಜಿನ ಮೇಲೆ ಯಾರೋ ಗೀಚಿದ್ದ ಅಕ್ಷರಗಳನ್ನು ಓದುವವನ ಹಾಗೆ ನಿಂತ.

"ಎಲ್ಲದೆ ಅದು?" ಅಂದಳು ವೀರಮ್ಮ. ಇದೆಯಾ ಎಂದು ಕೇಳಲಿಲ್ಲ.

"ಆಸ್ಪತ್ರೇಲದೆ ಅಜ್ಜಿ. ಎಕ್ಸ್‌ರೇ ತಗಿಯೋವಾಗ ತಗ್ದಿಟ್ಟಿದ್ದೆ. ನಾಳೆ ಬಾಗ್ಲು ತಗೀತಾರೆ, ಸಿಗ್ತದೆ."

"ಯಾವತ್ತಿಂದ?"

"ಸುಕ್ರವಾರ."

"ಮತ್ತೆ ಉಂಡೆ ಅಂದ್ಯಲ್ಲಪ್ಪ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಅವಳು ಫೋನನ್ನು ಮೆಲ್ಲಗೆ ಇಟ್ಟಿದ್ದಳು.

ಸೋಮವಾರ ತರಗತಿಗೆ ಹೋಗಲಿಲ್ಲ. ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಚಲುವರಾಜುವನ್ನು ಎಳೆದುಕೊಂಡು ಹೋಗಿ ನಿಂತ. ಎಕ್ಸ್‌ರೇ ಕೋಣೆಗೆ ನುಗ್ಗಿದವನು ಕಿಟಕಿ ನೋಡಿ ಹಾಗೇ ಗೋಡೆ ಹಿಡಿದುಕೊಂಡ. ಕಿಟಕಿ ಬೋಳಾಗಿತ್ತು. ಕುಂಡವಿಲ್ಲ, ಗಿಡವಿಲ್ಲ. ಚಳಿಗಾಲಕ್ಕೆಂದು ರಜೆಯ ಎರಡು ದಿನದಲ್ಲೇ ಕಿಟಕಿಯ ಸಂದುಗಳಿಗೆಲ್ಲ ಹತ್ತಿ ತುಂಬಿ, ಮೇಲೆ ಕಾಗದದ ಪಟ್ಟಿ ಅಂಟಿಸಿದ್ದರು. ಪಕ್ಕದ ಕೋಣೆಯಲ್ಲಿ ಇಬ್ಬರು ಹೆಂಗಸರು ಇನ್ನೂ ಅದೇ ಕೆಲಸದಲ್ಲಿದ್ದರು. ಕುಂಡಗಳನ್ನೆಲ್ಲ ಕಿಟಕಿಗಳಿಂದ ಇಳಿಸಿ, ಆಸ್ಪತ್ರೆಯ ನಾಲ್ಕೂ ಅಂತಸ್ತಿನ ಪಡಸಾಲೆಗಳಲ್ಲಿ ಎಲ್ಲೆಂದರಲ್ಲಿ ಇಟ್ಟಿದ್ದರು.

ಎಕ್ಸ್‌ರೇ ತೆಗೆಯುವ ಹೆಂಗಸನ್ನು ಕೇಳಿದ. ಕೊರಳು ತೋರಿಸಿದ, ಕಿಟಕಿ ತೋರಿಸಿದ, ಗಿಡದ ಹಾಗೆ ಕೈ ಚಾಚಿ ತೋರಿಸಿದ. ಅವಳು ತಗಡಿನ ತಟ್ಟೆಯನ್ನು ತಂದು ಅವನೆದುರು ಬೋರಲು ಹಾಕಿ, ಏನೂ ಇಲ್ಲ ನೋಡು ಎಂಬಂತೆ ಕುಟ್ಟಿದಳು. ಇವನು ಮತ್ತೆ ಕಿಟಕಿ ತೋರಿಸಿದ. ಹೊರಗೆ ಸಾಲು ಬೆಳೆಯುತ್ತಿತ್ತು. ಅವಳು ಅವನ ಭುಜ ಹಿಡಿದು ಹೊರಗೆ ಬಿಟ್ಟು ಬಾಗಿಲು ಎಳೆದುಕೊಂಡಳು.

ಆಮೇಲೆ ಶುರುವಾಯಿತು ಅವನ ಗಿಡ ಹುಡುಕಾಟ. ಪಡಸಾಲೆಯ ಬೆಂಚುಗಳಲ್ಲಿ ಕೆಮ್ಮುತ್ತ ಕೂತ ಮುದುಕರ ಮಧ್ಯೆ ನುಗ್ಗಿ ಒಂದೊಂದು ಕುಂಡದ ಎಲೆ ಸರಿಸಿ ನೋಡಿದ. ಇದಲ್ಲ. ಇದೂ ಅಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಚಲುವರಾಜು ನಾಚಿಕೆಯಿಂದ ಕುಗ್ಗಿ ಹಿಂದೆ ಬರುತ್ತಿದ್ದವನು, ಎರಡನೆಯ ಅಂತಸ್ತಿನ ಹೊತ್ತಿಗೆ ತಾನೂ ಮಂಡಿಯೂರಿ ಕುಂಡಗಳ ಹಿಂದೆ ತಡಕತೊಡಗಿದ. ನೆಲ ಒರೆಸುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಕೋಲು ಊರಿ ನಿಂತು, ಏನು ಎಂದು ಕೇಳಿದಳು.

ವಿರೂಪಾಕ್ಷನ ಐವತ್ತು ಪದಗಳಲ್ಲಿ ಕರಡಿಗೆಗೆ ಪದವಿರಲಿಲ್ಲ. ಶಿವದಾರಕ್ಕೂ ಇರಲಿಲ್ಲ. ಎದೆ ಮುಟ್ಟಿಕೊಂಡು, "ಬೋಗ್," ಅಂದ. ದೇವರು. ಮತ್ತೆ ಕೈ ಬಿಡಿಸಿ, "ನ್ಯೆತ್," ಅಂದ. ಇಲ್ಲ.

ಅವಳು ಅವನನ್ನೇ ನೋಡಿದಳು. ನಿಧಾನವಾಗಿ ತನ್ನ ನೀಲಿ ಕೋಟಿನ ಕತ್ತಿನೊಳಗೆ ಕೈಹಾಕಿ, ದಾರಕ್ಕೆ ಕಟ್ಟಿದ ಚಿಕ್ಕ ಶಿಲುಬೆಯೊಂದನ್ನು ಹೊರಗೆಳೆದು ತೋರಿಸಿ, ಹುಬ್ಬು ಏರಿಸಿದಳು. ವಿರೂಪಾಕ್ಷ ಜೋರಾಗಿ ತಲೆಯಾಡಿಸಿದ. ಅವಳು ಕೋಲನ್ನು ಗೋಡೆಗೆ ಒರಗಿಸಿದಳು.

ಗಿಡ ಸಿಕ್ಕಿದ್ದು ಅವಳಿಂದಲೇ. ಮೂರನೆಯ ಅಂತಸ್ತಿನಲ್ಲಿ, ಹಲ್ಲಿನ ಡಾಕ್ಟರ ಕೋಣೆಯ ಮುಂದೆ ಕೆಂಪು ಕಾಗದದ ಕುಂಡ ಇತ್ತು. ಅವನು ದಾರ ಸಿಕ್ಕಿಸಿದ್ದ ಕೊಂಬೆಯೂ ಇತ್ತು. ಅದರಲ್ಲಿ ಏನೂ ಇರಲಿಲ್ಲ. ಹೆಂಗಸು ಒಂದೊಂದೇ ಎಲೆ ಎತ್ತಿ ನೋಡಿದಳು, ಕುಂಡದ ಮಣ್ಣಿಗೆ ಬೆರಳಿಳಿಸಿ ಕೆದಕಿದಳು. ಅವರನ್ನು ಕರೆದುಕೊಂಡು ಹೋಗಿ ಕಸದ ಚೀಲವೊಂದನ್ನು ನೆಲಕ್ಕೆ ಸುರಿದಳು. ಹಳೆಯ ಬ್ಯಾಂಡೇಜು, ಕಾಗದ, ಒದ್ದೆ ಹತ್ತಿ. ಉಳಿದ ಚೀಲಗಳನ್ನು ಶನಿವಾರವೇ ಲಾರಿ ಒಯ್ದಿತ್ತೆಂದು ಕೈಯಲ್ಲಿ ಚಕ್ರ ತಿರುಗಿಸಿ ಹೇಳಿದಳು. ಕೊನೆಗೆ ಅವನ ಕೆನ್ನೆ ಮುಟ್ಟಿ ಏನೋ ಅಂದು ತನ್ನ ಕೋಲಿನ ಕಡೆ ನಡೆದಳು.

"ಬೆಳ್ಳಿ ಕಣ್ಲಾ," ಅಂದ ಚಲುವರಾಜು ಹೊರಗೆ ಬಂದ ಮೇಲೆ. "ಕಂಡೋರು ಬುಡ್ತಾರಾ? ಬುಡು. ಊರ್ಗೋದಾಗ ಇನ್ನೊಂದು ಕಟ್ಟುಸ್ಕೊಳೀವಂತೆ."

ಮಂಗಳವಾರ ಸಂಜೆ ಹಾಸ್ಟೆಲಿನ ಬಾಗಿಲು ಕಾಯುವ ಮುದುಕಿ ಮೆಟ್ಟಿಲ ಬುಡದಿಂದಲೇ ಅವನ ಹೆಸರನ್ನು ಮೂರು ತುಂಡು ಮಾಡಿ ಕೂಗಿದಳು. ಅವಳ ಮೇಜಿನ ಮೇಲಿನ ಫೋನಿನಲ್ಲಿ ಅಪ್ಪ ಇದ್ದ. ಅಪ್ಪ ತಾನಾಗಿ ಫೋನು ಮಾಡಿದ್ದು ಅದೇ ಮೊದಲು.

"ಸಿಕ್ತೇನಪ್ಪಾ?"

"ಇಲ್ಲ."

"ಭಾನ್ವಾರ ಸಂಜೆಯಿಂದ ಅವ್ವ ಏನೂ ಮುಟ್ಟಿಲ್ಲ ಕಣಪ್ಪ," ಅಂದ ಪುಟ್ಟಮಲ್ಲಪ್ಪ. "ತನ್ ಲಿಂಗದ್ ಪಾದೋದಕ ಒಂದು ಉದ್ಧರಣೆ ತಗತದೆ, ಅಷ್ಟೆಯ. ಸಕ್ಕರೆ ಕಾಯಿಲೆ ಮಾತ್ರೆನೂ ನುಂಗಕಿಲ್ಲ ಅಂತದೆ. ಮಗೀಗೆ ಸಿಗೋಗಂಟ ನಂಗೂ ಬ್ಯಾಡ ಅಂತ ಗೋಡೆ ಕಡೀಕ್ ತಿರುಕೊಂಡು ಮಲಗ್ಬುಟ್ಟದೆ."

"ಐನೋರ್ನ ಕೇಳ್ಬೇಕಾಗಿತ್ತು ಅಪ್ಪಾಜಿ."

"ಕರ್ಕೊಂಡೇ ಬಂದಿದ್ದೆ. ಮಠದ ವೀರಭದ್ರಸ್ವಾಮಿಗಳು ಮನೇಗೇ ಬಂದು ಯೋಳುದ್ರು. ಹುಡುಗ ಬೇಕಂತ ಕಳ್ದಿಲ್ಲ, ಅವ್ನು ಊರಿಗ್ ಬಂದಾಗ ನಾನೇ ಇನ್ನೊಂದು ಕೊಡ್ತೀನಿ, ಅಲ್ಲೀಗಂಟ ಉಣ್ಲಿ, ತೆಪ್ಪಿಲ್ಲ, ನೀವೂ ಉಣ್ಣಿ ಅಂದ್ರು. ಅವ್ವ ಅವರ ಕಾಲ್ಗೆ ಬಿದ್ಲು, ಆಮೇಕೆ ಮತ್ತೆ ಗೋಡೆ ಕಡೀಕೇ ತಿರುಕೊಂಡ್ಲು." ಅವನ ಧ್ವನಿ ಇಳಿಯಿತು. "ಹೊಗೆಸೊಪ್ಪಿನ್ ಬೇಲುಗಳು ಮನೇಲೇ ಬಿದ್ದವೆ. ನಾನು ಹರಾಜಿಗೂ ಹೋಗಿಲ್ಲ. ಇವತ್ತು ಎದ್ದು ನಿಂತ್ಕೊಳಕ್ಕೋಗಿ ಬಿದ್ಬುಟ್ಲು. ಡಾಕುಟ್ರು ಬಂದ್ರೆ ಕೈ ಮುಟ್ಟುಸ್ಕೊಳಕಿಲ್ಲ."

ಬಾಗಿಲ ಮುದುಕಿ ತನ್ನ ಹೆಣಿಗೆ ನಿಲ್ಲಿಸಿ ವಿರೂಪಾಕ್ಷನನ್ನು ನೋಡುತ್ತಿದ್ದಳು. ಅವನು ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದ.

"ನಾನೇನ್ ಮಾಡ್ಲಿ ಅಪ್ಪಾಜಿ?"

"ಸಿಕ್ತು ಅಂತ ಯೋಳು."

"ಅಪ್ಪಾಜಿ..."

"ನಂಗೊತ್ತು ಕಣಪ್ಪ. ನನ್ ಬಾಯಲ್ಲಿ ನಾನು ಯೋಳುದ್ರೆ ನಂಬಕಿಲ್ಲ. ನಾಳೆ ನೀನೇ ಫೋನ್ ಮಾಡು. ನಿನ್ ಬಾಯಲ್ಲೇ ಯೋಳು. ಪಾಪ ಬಂದ್ರೆ ನನಗ್ ಬರ್ಲಿ ಬುಡು."

ಬುಧವಾರ ಬೆಳಿಗ್ಗೆ ತರಗತಿಯಲ್ಲಿ ಕೂತಿದ್ದು ಅವನ ಮೈ ಮಾತ್ರ. ಅಜ್ಜಿ ಸತ್ತರೆ? ಸುಳ್ಳು ಹೇಳಿದ ಮೇಲೂ ಸತ್ತರೆ? ಎರಡು ದಿನ ಉಪವಾಸವಿದ್ದು ಬ್ರೆಡ್ಡಿನ ತುದಿಗೆ ಸೋತವನು ತಾನು. ತನ್ನ ಪಾಲಿನ ಉಪವಾಸವನ್ನು ಎಪ್ಪತ್ತನಾಲ್ಕರ ಮುದುಕಿ ಅಲ್ಲಿ ಮಾಡುತ್ತಿದ್ದಾಳೆ. ಬೇರೆ ಯಾವ ಸುಳ್ಳಾದರೂ ಹೇಳಬಹುದಿತ್ತು. ಪರೀಕ್ಷೆಯಲ್ಲಿ ಪಾಸಾದೆ ಅನ್ನಬಹುದು, ಹೊಟ್ಟೆ ತುಂಬ ಉಂಡೆ ಅನ್ನಬಹುದು. ಇದನ್ನು ಹೇಗೆ ಹೇಳುವುದು? ಹೇಳದೆ ಹೇಗಿರುವುದು? ಮೇಡಂ ಏನೋ ಪ್ರಶ್ನೆ ಕೇಳಿದರು. ಅವನು ಎದ್ದು ನಿಂತು, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ. ಚಲುವರಾಜು ಹಿಂದೆಯೇ ಓಡಿ ಬಂದ. ಹೊರಗೆ ಆ ವರ್ಷದ ಮೊದಲ ಹಿಮ ಬೀಳುತ್ತಿತ್ತು. ಇಬ್ಬರೂ ಹುಟ್ಟಿದಾಗಿನಿಂದ ಹಿಮ ಕಂಡವರಲ್ಲ; ಚಲುವರಾಜು ಮುಖ ಮೇಲೆತ್ತಿ ನಿಂತ. ವಿರೂಪಾಕ್ಷ ತಲೆ ತಗ್ಗಿಸಿಕೊಂಡು ಅಂಚೆ ಕಚೇರಿಯ ಕಡೆ ನಡೆದ.

ಗೂಡಿನ ಫೋನಿನಲ್ಲಿ ಅಪ್ಪ "ಅವ್ವ, ಮಗ," ಎಂದದ್ದು ಕೇಳಿಸಿತು. ಹಾಸಿಗೆಯ ಸದ್ದು, ಯಾರೋ ಎತ್ತಿ ಕೂರಿಸಿದ ಸದ್ದು. ಆಮೇಲೆ ಉಸಿರು.

"ಸಿಕ್ತು ಅಜ್ಜಿ," ಅಂದ ವಿರೂಪಾಕ್ಷ.

ಉಸಿರು ಹಾಗೇ ನಡೆಯುತ್ತಿತ್ತು.

"ಯಾರ್ ಕೊಟ್ರು?" ಧ್ವನಿ ಅವಳದೇ ಎಂದು ನಂಬಲು ಕಷ್ಟವಾಯಿತು.

"ಎಕ್ಸ್‌ರೇ ತಗಿಯೋ ಅಮ್ಮ. ಎತ್ತಿಟ್ಟಿದ್ರಂತೆ."

"ಮಕ್ಕಳೊಂದಿಗಳಾ?"

"ಊಂ."

"ಅವಳ ಒಟ್ಟೆ ತಣ್ಣಗಿರ್ಲಿ."

ವಿರೂಪಾಕ್ಷನಿಗೆ ಆ ಹೆಂಗಸು ಎಳೆದುಕೊಂಡ ಬಾಗಿಲು ನೆನಪಾಯಿತು. ಇನ್ನು ಮುಗಿಯಿತು, ಉಣ್ಣಜ್ಜಿ ಎಂದು ಹೇಳಿ ಇಟ್ಟುಬಿಡೋಣ ಅಂದುಕೊಂಡ.

"ಕೈಗ್ ತಗೊ," ಅಂದಳು ವೀರಮ್ಮ.

"ಏನಜ್ಜಿ?"

"ಐದ್ ದಿವ್ಸ ಆಯ್ತಲ್ಲ, ನಿನ್ ಕೈಲಿ ಕೂತು. ಈಗ ಕೈಗ್ ತಗೊ ಮಗ. ನಂದೂ ಕೈಲಿ ಅದೆ."

ಅವನು ಫೋನನ್ನು ಬಲಗೈಗೆ ಬದಲಾಯಿಸಿಕೊಂಡ. ಎಡಗೈಯನ್ನು ಮುಂದೆ ಚಾಚಿ, ಅಂಗೈ ಬಿಡಿಸಿ, ಬೆರಳುಗಳನ್ನು ಒಂದಿಷ್ಟು ಬಾಗಿಸಿ ಹಿಡಿದ. ಯಾರೂ ನೋಡುತ್ತಿರಲಿಲ್ಲ, ಹಾಗೆ ಹಿಡಿಯಬೇಕಾದ ಅಗತ್ಯವೂ ಇರಲಿಲ್ಲ. ಅಂಗೈಯಲ್ಲಿ ತರಗತಿಯ ಪೆನ್ನಿನ ನೀಲಿ ಕಲೆ ಇತ್ತು.

"ತಗೊಂಡೆ ಅಜ್ಜಿ."

"ಅತ್ತಿತ್ತ ನೋಡ್ಬ್ಯಾಡ. ಅದ್ನೇ ನೋಡು."

ಗಾಜಿನಾಚೆ ಕಾಯುತ್ತಿದ್ದ ಜನರನ್ನು ನೋಡುತ್ತಿದ್ದವನು ಬೆಚ್ಚಿ ಕಣ್ಣನ್ನು ಅಂಗೈಗೆ ತಂದ.

"ತಣ್ಣಗದಾ?"

"ತಣ್ಣಗದೆ."

"ಊರೇ ಚಳಿ ಅಂತಲ್ಲಪ್ಪ. ಐದ್ ದಿವ್ಸ ಯಾರ ಮೈ ಸಾಖಾನೂ ಇಲ್ದೆ ಇತ್ತು ಪಾಪ. ಎದೆಗ್ ಒತ್ಕೊ. ಬೆಚ್ಚಗಾಗ್ಲಿ."

ವಿರೂಪಾಕ್ಷ ಅಂಗೈಯನ್ನು ಎದೆಗೆ ಒತ್ತಿಕೊಂಡ. ಅಂಗಿಯ ಕೆಳಗೆ ಅವನ ಗುಂಡಿಗೆ ಓಡಿ ಬಂದ ಹಾಗೆ ಹೊಡೆದುಕೊಳ್ಳುತ್ತಿತ್ತು. ಕಣ್ಣಿನಿಂದ ನೀರಿಳಿದು ಫೋನಿನ ಮೇಲೆ ಬಿತ್ತು. ಒರೆ‌ಸಿಕೊಳ್ಳಲು ಕೈ ಬಿಡುವಾಗಿರಲಿಲ್ಲ.

"ಒತ್ಕೊಂಡ್ಯಾ?"

"ಒತ್ಕೊಂಡೆ ಅಜ್ಜಿ."

"ಊಂ. ಇನ್ ಕೊಡು ಪುಟ್ಟಮಲ್ಲ," ಎಂದು ಅವಳು ಪಕ್ಕದಲ್ಲಿದ್ದ ಮಗನಿಗೆ ಹೇಳಿದಳು. ಲೋಟ ಹಲ್ಲಿಗೆ ತಾಗಿದ ಸದ್ದು ಬಂತು. ಅಪ್ಪ, "ಮೆಲ್ಲಗೆ, ಮೆಲ್ಲಗೆ ಕಣವ್ವ," ಅನ್ನುತ್ತಿದ್ದ. ಗಂಜಿ ಗುಟುಕು ಗುಟುಕಾಗಿ ಇಳಿಯುವುದು ಅಷ್ಟು ದೂರದಿಂದಲೂ ಕೇಳಿಸುತ್ತಿತ್ತು. ಒಂದು ಗುಟುಕು. ಕೆಮ್ಮು. ಇನ್ನೊಂದು. ವಿರೂಪಾಕ್ಷ ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಅಷ್ಟರಲ್ಲಿ ಹಣ ಕಟ್ಟಿದ್ದ ಹೊತ್ತು ಮುಗಿದು ಫೋನು ತಾನಾಗಿ ಕಡಿದುಹೋಯಿತು.

ಸಾಲಿನಲ್ಲಿದ್ದವರು ಗಾಜು ತಟ್ಟಿದರು. ಅವನು ಫೋನಿಟ್ಟು ಹೊರಗೆ ಬಂದ.

ಚಲುವರಾಜು ಅಂಚೆ ಕಚೇರಿಯ ಮೆಟ್ಟಿಲ ಮೇಲೆ, ಕೂದಲ ತುಂಬ ಹಿಮ ಹೊತ್ತು ನಿಂತಿದ್ದ. "ಏನಾಯ್ತ್ಲಾ? ಉಂಡ್ರಾ?" ಅಂದ. ವಿರೂಪಾಕ್ಷ ಹೂಂ ಎಂದು ತಲೆಯಾಡಿಸಿದ. "ಸದ್ಯ. ನಡಿ ಮತ್ತೆ, ಚಳಿ ಕೊರೀತದೆ. ಕೈಗವಸಾರ ಆಕ್ಕೊ."

ವಿರೂಪಾಕ್ಷ ಜೇಬಿನಿಂದ ಕೈಗವಸು ತೆಗೆದು ಬಲಗೈಯನ್ನು ತೂರಿಸಿ ಹಲ್ಲಿನಲ್ಲಿ ಕಚ್ಚಿ ಎಳೆದುಕೊಂಡ. ಇನ್ನೊಂದನ್ನು ಹಾಗೇ ಜೇಬಿಗೆ ಹಾಕಿದ. ಎಡಗೈ ಎದೆಯ ಮೇಲೆ ಮುಚ್ಚಿಕೊಂಡೇ ಇತ್ತು. ಅದನ್ನು ಅಲುಗಿಸದಂತೆ, ಜಾರುವ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿಕೊಂಡು ಇಳಿಯತೊಡಗಿದ.